ಆಂಗಲ್ ಗ್ರೈಂಡರ್: ಕೊಳ್ಳುವಾಗ, ಹಿಡಿಯುವಾಗ, ಮಳೆಗಾಲದಲ್ಲಿ ಇಡುವಾಗ

ಡಿಸ್ಕ್ ತಿರುಗಿಸಿ ಕಬ್ಬಿಣ ಕೊಯ್ಯುವ, ಉಜ್ಜುವ ಆಂಗಲ್ ಗ್ರೈಂಡರ್ ಇಲ್ಲದ ತೋಟದ ಮನೆ ಕೊಡಗಿನಲ್ಲಿ ಈಗ ಕಡಿಮೆ. ಗೇಟಿನ ಬುಡಕ್ಕೆ ತುಕ್ಕು ಹಿಡಿದರೆ, ಪಂಪ್‌ಹೌಸಿನ ಬೋಲ್ಟ್ ಕಚ್ಚಿಕೊಂಡು ಬಿಡದಿದ್ದರೆ, ಗೊಬ್ಬರದ ಶೆಡ್ಡಿಗೆ ಪೈಪ್ ತುಂಡು ಮಾಡಬೇಕಾದರೆ ಮೊದಲು ಕೈ ಹೋಗುವುದು ಅದಕ್ಕೇ. ಕೊಳ್ಳಲು ಹೋದವರು ಯಾವ ಕಂಪನಿ, ಎಷ್ಟು ವಾಟ್ ಎಂದೆಲ್ಲ ವಿಚಾರಿಸುತ್ತಾರೆ. ಡಿಸ್ಕ್ ಮಾತ್ರ ‘ಅದನ್ನೂ ಒಂದು ಹತ್ತು ಹಾಕಿಬಿಡಿ’ ಎಂದು ಕೊನೆಗೆ ಚೀಲಕ್ಕೆ ಬೀಳುತ್ತದೆ. ಕಬ್ಬಿಣ ಕೊಯ್ಯುವುದು ಆ ಡಿಸ್ಕ್. ಒಡೆದು ಮುಖಕ್ಕೆ ಹಾರುವುದೂ ಅದೇ. ಜೂನ್‌ನಿಂದ ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಮೊದಲು ಕೆಡುವುದೂ ಅದೇ. ಹಾಗಾಗಿ ಈ ಬರಹದಲ್ಲಿ ಮಷೀನಿನ ಮಾತು ಬೇಗ ಮುಗಿಯುತ್ತದೆ, ಡಿಸ್ಕಿನ ಮಾತು ಉದ್ದವಾಗುತ್ತದೆ.

ಯಾವ ಅಳತೆ?

ಮನೆ, ತೋಟ, ಚಿಕ್ಕ ವೆಲ್ಡಿಂಗ್ ಕೆಲಸಕ್ಕೆ 4 ಇಂಚಿನದು, ಅಂದರೆ 100 ಮಿ.ಮೀ. ಡಿಸ್ಕಿನದು ಸಾಕು. ಅಂಗಡಿಗಳಲ್ಲಿ ‘ಎಜಿ ಫೋರ್’ ಎನ್ನುವುದು ಇದನ್ನೇ. 5 ಇಂಚಿನದು (125 ಮಿ.ಮೀ.) ಸ್ವಲ್ಪ ಭಾರ, ಆದರೆ ಕೊಯ್ಯುವ ಆಳ ಹೆಚ್ಚು. ದಿನವಿಡೀ ಫ್ಯಾಬ್ರಿಕೇಶನ್ ಮಾಡುವವರಿಗೆ ಅದು ಒಪ್ಪುತ್ತದೆ. 7 ಇಂಚು, 9 ಇಂಚಿನವು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಅಭ್ಯಾಸ ಇರುವವರಿಗೆ ಮಾತ್ರ. ಮೊದಲ ಮಷೀನ್ ಆಗಿ ಅವನ್ನು ಕೊಳ್ಳಬೇಡಿ.

4 ಇಂಚಿನ ಮಷೀನ್‌ಗಳು ಸಾಮಾನ್ಯವಾಗಿ 600ರಿಂದ 900 ವಾಟ್ ಒಳಗಿರುತ್ತವೆ. ಅಪರೂಪಕ್ಕೆ ಬಳಸುವವರಿಗೆ 650 ವಾಟ್ ಆಸುಪಾಸಿನದು ನಡೆಯುತ್ತದೆ. ನನ್ನನ್ನು ಕೇಳಿದರೆ 850–900 ವಾಟಿನದೇ ಮೇಲು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಎಲ್ಲರೂ ಸ್ಪ್ರಿಂಕ್ಲರ್ ಪಂಪ್ ಹಾಕಿಕೊಂಡಾಗ ವೋಲ್ಟೇಜ್ ಇಳಿಯುತ್ತದೆ. ಆಗ ಮಷೀನಿನ ವೇಗ ಕುಗ್ಗುತ್ತದೆ. ಕೊಯ್ಯುತ್ತಿಲ್ಲವಲ್ಲ ಎಂದು ನಾವು ಇನ್ನಷ್ಟು ಒತ್ತುತ್ತೇವೆ, ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಒಳಗಿನ ಫ್ಯಾನ್ ನಿಧಾನವಾಗಿರುವುದರಿಂದ ತಣ್ಣಗಾಗುವುದಿಲ್ಲ. ಆರ್ಮೇಚರ್, ಅಂದರೆ ಮೋಟರಿನೊಳಗೆ ತಿರುಗುವ ತಾಮ್ರದ ಸುರುಳಿಯ ಭಾಗ, ಸುಡುವುದು ಹೀಗೆ. ಶಕ್ತಿ ಸ್ವಲ್ಪ ಜಾಸ್ತಿ ಇರುವ ಮಷೀನ್ ಇದನ್ನು ತಡೆದುಕೊಳ್ಳುತ್ತದೆ. ವೋಲ್ಟೇಜ್ ತೀರಾ ಇಳಿದಿದ್ದರೆ ಆ ಹೊತ್ತು ಕೆಲಸ ನಿಲ್ಲಿಸುವುದೇ ಸರಿ.

ಬಾಷ್, ಮಕೀಟಾ, ಡಿವಾಲ್ಟ್, ಹೈಕೋಕಿ ಯಾವುದಾದರೂ ಆಗಲಿ, ಮೋಟರಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಶ್, ಡಿಸ್ಕಿಗೆ ಮರೆಯಾಗುವ ಗಾರ್ಡ್, ಸ್ವಿಚ್ ನಿಮ್ಮ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ರಿಪೇರಿ ಆಗುವ ಮಷೀನ್, ಪ್ರತಿ ಸಲ ಮೈಸೂರಿಗೆ ಕಳಿಸಬೇಕಾದ ಮಷೀನಿಗಿಂತ ಒಳ್ಳೆಯದು. ಕರೆಂಟ್ ಇಲ್ಲದ ಬೇಲಿಯ ಸಾಲಿನಲ್ಲಿ ಕೆಲಸ ಇರುವವರಿಗೆ ಬ್ಯಾಟರಿಯದು ಅನುಕೂಲ. ಆನೆ ತಡೆಯುವ ಸೋಲಾರ್ ಬೇಲಿಯಾದರೆ ಅದರ ಎನರ್ಜೈಸರ್ (ತಂತಿಗೆ ಶಾಕ್ ಕೊಡುವ ಪೆಟ್ಟಿಗೆ) ಆಫ್ ಮಾಡದೆ ತಂತಿಗೆ ಕೈ ಹಾಕಬೇಡಿ.

ಸ್ವಿಚ್ ನೋಡಿ ಕೊಳ್ಳಿ

ನಮ್ಮ ಜಿಲ್ಲೆಯಲ್ಲಿ ಮರ ಬಿದ್ದು ಕರೆಂಟ್ ಹೋಗುವುದು, ಹೇಳದೆ ಕೇಳದೆ ಬರುವುದು ಮಳೆಗಾಲದ ದಿನಚರಿ. ಹೆಚ್ಚಿನ ಕಡಿಮೆ ಬೆಲೆಯ ಗ್ರೈಂಡರ್‌ಗಳಲ್ಲಿ ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಂಡು ನಿಲ್ಲುವ ಸ್ಲೈಡ್ ಸ್ವಿಚ್ ಇರುತ್ತದೆ. ಕೊಯ್ಯುತ್ತಿರುವಾಗ ಕರೆಂಟ್ ಹೋಯಿತು ಎನ್ನಿ. ಮಷೀನನ್ನು ನೆಲದ ಮೇಲಿಟ್ಟು ಕಾಫಿಗೆ ಹೋಗುತ್ತೀರಿ. ಸ್ವಿಚ್ ಇನ್ನೂ ಆನ್‌ನಲ್ಲೇ ಇದೆ. ಕರೆಂಟ್ ಬಂದ ಕ್ಷಣ ಆ ಮಷೀನ್ ನೆಲದ ಮೇಲೆ ತಾನೇ ಓಡಲು ಶುರುಮಾಡುತ್ತದೆ. ಹತ್ತಿರದಲ್ಲಿ ಮಗು ಇದ್ದರೆ, ನಾಯಿ ಮಲಗಿದ್ದರೆ?

ಇದಕ್ಕೆ ಎರಡು ಪರಿಹಾರ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಪ್ಯಾಡಲ್ ಸ್ವಿಚ್ ಇರುವ ಮಷೀನ್ ಕೊಳ್ಳುವುದು, ಇಲ್ಲವೇ ರೀಸ್ಟಾರ್ಟ್ ಪ್ರೊಟೆಕ್ಷನ್ ಇರುವುದನ್ನು ಕೊಳ್ಳುವುದು. ಎರಡನೆಯದರಲ್ಲಿ ಕರೆಂಟ್ ಮರಳಿ ಬಂದರೂ ಸ್ವಿಚ್ ಆಫ್ ಮಾಡಿ ಮತ್ತೆ ಹಾಕುವ ತನಕ ಮಷೀನ್ ಓಡುವುದಿಲ್ಲ. ಮನೆಯಲ್ಲಿ ಈಗಾಗಲೇ ಸ್ಲೈಡ್ ಸ್ವಿಚ್ಚಿನದು ಇದ್ದರೆ ಕರೆಂಟ್ ಹೋದ ಕೂಡಲೇ ಸ್ವಿಚ್ ಹಿಂದಕ್ಕೆಳೆದು ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಿ. ಕೆಲಸದವರಿಗೂ ಅದನ್ನೇ ಕಲಿಸಿ.

4 ಇಂಚಿನದಕ್ಕೆ ಮನೆಯ 6 ಆಂಪಿಯರ್ ಪ್ಲಗ್ ಸಾಕು. 2,000 ವಾಟ್ ಮೇಲಿನದಕ್ಕೆ 16 ಆಂಪಿಯರ್ ಬೇಕು. ಎಕ್ಸ್‌ಟೆನ್ಶನ್ ವೈರ್ 1.5 ಚದರ ಮಿ.ಮೀ. ತಾಮ್ರದ್ದಿರಲಿ, ಸುರುಳಿ ಪೂರ್ತಿ ಬಿಚ್ಚಿ ಹಾಸಿ, ಜಾಯಿಂಟ್ ಯಾವುದೂ ನೆಲದ ನೀರಿಗೆ ತಾಗದಿರಲಿ. ಒದ್ದೆ ಅಂಗಳದಲ್ಲಿ ಕೆಲಸ ಮಾಡುವ ಮನೆಗಳಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಮಳೆ ಹನಿಯುವಾಗ ಸೂರಿನ ಕೆಳಗಿದ್ದೇನೆ ಎಂದು ಧೈರ್ಯ ಮಾಡಬೇಡಿ. ಮಷೀನಿನ ಗಾಳಿಕಿಂಡಿಗಳು ನೀರಿನ ಹನಿಯನ್ನೂ ಒಳಗೆ ಎಳೆದುಕೊಳ್ಳುತ್ತವೆ.

ಡಿಸ್ಕ್ ಓದುವುದು

ಒಂದು ಹೊಸ ಡಿಸ್ಕ್ ಕೈಗೆ ತೆಗೆದುಕೊಳ್ಳಿ. ಲೇಬಲ್ ಮೇಲೆ ಮೊದಲು ನೋಡಬೇಕಾದ್ದು ವೇಗ. 100 ಮಿ.ಮೀ. ಡಿಸ್ಕಿನ ಮೇಲೆ 15,300 ಆರ್‌ಪಿಎಂ ಎಂದೋ, ಸೆಕೆಂಡಿಗೆ 80 ಮೀಟರ್ ಎಂದೋ ಇರುತ್ತದೆ. ಡಿಸ್ಕಿನ ಅಂಚು ಅದಕ್ಕಿಂತ ವೇಗವಾಗಿ ಹೋಗಬಾರದು ಎಂದು ಅರ್ಥ. 125ರದಕ್ಕೆ 12,200, 180ರದಕ್ಕೆ 8,500. ಡಿಸ್ಕ್ ದೊಡ್ಡದಾದಂತೆ ಈ ಅಂಕಿ ಇಳಿಯುತ್ತದೆ. 4 ಇಂಚಿನ ಮಷೀನ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಸರಿಯಾದ ಡಿಸ್ಕ್ ಹಾಕಿದರೂ ಅದರ ಅಂಚು ಗಂಟೆಗೆ 200 ಕಿ.ಮೀ. ದಾಟಿ ಓಡುತ್ತಿರುತ್ತದೆ. ಗಾರ್ಡ್ ಕಿತ್ತು ಇದೇ ಮಷೀನಿಗೆ 7 ಇಂಚಿನ ಡಿಸ್ಕ್ ಸಿಕ್ಕಿಸಿದರೆ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ಮೀರುತ್ತದೆ. ಅದು ಯಾವಾಗ ಬೇಕಾದರೂ ಒಡೆಯಬಹುದು. ತೂತಿನ ಅಳತೆಯೂ ಬೇರೆ: 4 ಇಂಚಿನದು 16 ಮಿ.ಮೀ., 5 ಇಂಚಿನಿಂದ ಮೇಲಿನವು 22 ಮಿ.ಮೀ. ವಾಷರ್ ತುರುಕಿ ಹೊಂದಿಸುವ ಪ್ರಯತ್ನ ಬೇಡ.

ಎರಡನೆಯದು ಗುರುತುಗಳು. ‘ಎ’ ಅಕ್ಷರದಿಂದ ಶುರುವಾಗುವುದು ಕಬ್ಬಿಣಕ್ಕೆ, ‘ಸಿ’ ಕಲ್ಲು, ಕಾಂಕ್ರೀಟಿಗೆ. ಕೊನೆಯಲ್ಲಿ ‘ಬಿಎಫ್’ ಎಂದಿದ್ದರೆ ಒಳಗೆ ಫೈಬರ್ ಬಲೆ ಇರುವ ರೆಸಿನ್ ಡಿಸ್ಕ್. ಕೈಯಲ್ಲಿ ಹಿಡಿಯುವ ಮಷೀನಿಗೆ ಇಂಥದ್ದೇ ಆಗಬೇಕು. ‘ಇಎನ್ 12413’ ಎಂಬ ಸುರಕ್ಷತಾ ಮಾನದಂಡದ ಹೆಸರು ಇದ್ದರೆ ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲಿಗೆ ‘ಐನಾಕ್ಸ್’ ಎಂದು ಬರೆದ ಡಿಸ್ಕ್ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಮಾಮೂಲಿ ಕಬ್ಬಿಣಕ್ಕೆ ಬಳಸಿದ ಡಿಸ್ಕನ್ನೇ ಸ್ಟೇನ್‌ಲೆಸ್‌ಗೆ ಹಾಕಿದರೆ ಕಬ್ಬಿಣದ ಪುಡಿ ಅದರೊಳಗೆ ಹೂತು, ಮಿರಿಮಿರಿ ಮಿಂಚುತ್ತಿದ್ದ ರೇಲಿಂಗ್ ಒಂದೇ ಮಳೆಗೆ ಕಂದು ಚುಕ್ಕೆ ಬಿಡುತ್ತದೆ.

ಮೂರನೆಯದನ್ನು ಯಾರೂ ನೋಡುವುದಿಲ್ಲ. ನಡುವಿನ ತೂತಿನ ಸುತ್ತ ಇರುವ ಲೋಹದ ಬಳೆಯನ್ನು ಬೆಳಕಿಗೆ ಹಿಡಿದು ಓದಿ. ಅಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಡಿಸ್ಕಿನ ಅವಧಿ ಮುಗಿಯುವ ದಿನ, ಸಾಮಾನ್ಯವಾಗಿ ತಯಾರಾದ ದಿನದಿಂದ 3 ವರ್ಷ. ಡಿಸ್ಕಿನ ಹರಳುಗಳನ್ನು ಹಿಡಿದಿಟ್ಟಿರುವುದು ರೆಸಿನ್ ಅಂಟು. ಅದು ಗಾಳಿಯ ತೇವ ಹೀರಿ ಕಾಲಕ್ರಮೇಣ ಸಡಿಲವಾಗುತ್ತದೆ. ಒಣ ಊರಿನಲ್ಲೇ 3 ವರ್ಷದ ಲೆಕ್ಕ ಅಂದಮೇಲೆ ಮಡಿಕೇರಿ, ಭಾಗಮಂಡಲದ ಕಡೆ ತೆರೆದ ಶೆಡ್ಡಿನ ಮೊಳೆಗೆ ನೇತುಹಾಕಿದ ಡಿಸ್ಕಿನ ಗತಿ ಊಹಿಸಿ. ಅಂಗಡಿಯಲ್ಲಿ ‘ಹಳೇ ಸ್ಟಾಕ್, ರೇಟ್ ಕಡಿಮೆ’ ಎಂದರೆ ಬೇಡ ಎನ್ನಿ. ಒಂದು ಮಳೆಗಾಲಕ್ಕೆ ಬೇಕಾಗುವಷ್ಟು ಮಾತ್ರ ಕೊಳ್ಳಿ. ನೀರಿಗೆ ಬಿದ್ದ ಡಿಸ್ಕನ್ನು ಒಣಗಿಸಿ ಬಳಸುವ ಯೋಚನೆಯೇ ಬೇಡ, ಮುರಿದು ಎಸೆಯಿರಿ. ಮುರಿಯದೆ ಎಸೆದರೆ ಬೇರೆ ಯಾರಾದರೂ ಎತ್ತಿಕೊಂಡಾರು.

ಮನೆಯಲ್ಲಿರಬೇಕಾದ್ದು ನಾಲ್ಕು ಬಗೆ: ಕೊಯ್ಯಲು 1 ಅಥವಾ 1.2 ಮಿ.ಮೀ. ದಪ್ಪದ ಕಟಿಂಗ್ ಡಿಸ್ಕ್, ವೆಲ್ಡಿಂಗ್ ಗಂಟು ಇಳಿಸಲು 6 ಮಿ.ಮೀ. ಗ್ರೈಂಡಿಂಗ್ ಡಿಸ್ಕ್, ನಯ ಮಾಡಲು ಎಮೆರಿ ಬಟ್ಟೆಯ ಎಸಳು ಜೋಡಿಸಿದ 60 ಮತ್ತು 80 ನಂಬರಿನ ಫ್ಲ್ಯಾಪ್ ಡಿಸ್ಕ್, ತುಕ್ಕಿಗೆ ತಂತಿಯ ಕಪ್ ಬ್ರಶ್.

ಕೂರಿಸುವ ಕ್ರಮ

ಪ್ಲಗ್ ಕಿತ್ತ ಮೇಲೆ ಮಾತ್ರ ಸ್ಪ್ಯಾನರ್ ಎತ್ತಿಕೊಳ್ಳಿ. ದಂಡ ತಿರುಗದಂತೆ ಹಿಡಿಯುವ ಸ್ಪಿಂಡಲ್ ಲಾಕ್ ಒತ್ತಿ ನಟ್ ಬಿಚ್ಚಿ, ಒಳಗಿನ ಫ್ಲೇಂಜಿನ (ಡಿಸ್ಕ್ ಕೂರುವ ಬಿಲ್ಲೆಯ) ಮೇಲೆ ಕೂತ ಪುಡಿ ಒರೆಸಿ. ಲಾಕ್ ನಟ್ಟನ್ನು ತಿರುಗಿಸಿ ನೋಡಿದರೆ ಒಂದು ಮುಖದಲ್ಲಿ ಉಬ್ಬಿದ ಬಳೆಯಂಥ ಭಾಗ, ಇನ್ನೊಂದು ಮುಖ ಚಪ್ಪಟೆ. ದಪ್ಪ ಗ್ರೈಂಡಿಂಗ್ ಡಿಸ್ಕಿಗೆ ಉಬ್ಬು ಡಿಸ್ಕಿನ ಕಡೆ ಬರಬೇಕು, ತೂತಿನೊಳಗೆ ಕೂರುತ್ತದೆ. 1 ಮಿ.ಮೀ. ಕಟಿಂಗ್ ಡಿಸ್ಕಿಗೆ ನಟ್ ಮಗುಚಿ ಚಪ್ಪಟೆ ಮುಖ ಡಿಸ್ಕಿಗೆ ತಾಗಿಸಬೇಕು. ಇದು ಉಲ್ಟಾ ಆದರೆ ತೆಳು ಡಿಸ್ಕ್ ಬಿಗಿಯಾಗುವುದೇ ಇಲ್ಲ, ಒಳಗೆ ಜಾರಿ ಅಲುಗಾಡುತ್ತದೆ. ‘ಡಿಸ್ಕ್ ಸರಿ ಇಲ್ಲ’ ಎಂದು ಬೈಯುವವರಲ್ಲಿ ಎಷ್ಟೋ ಮಂದಿ ನಟ್ ತಿರುಗಿಸಿಲ್ಲ.

ಬಿಗಿ ಮಾಡಿ, ಕೈಯಲ್ಲಿ ಒಮ್ಮೆ ಸುತ್ತಿಸಿ ಗಾರ್ಡಿಗೆ ತಾಗುವುದಿಲ್ಲ ಎಂದು ನೋಡಿ. ಗಾರ್ಡಿನ ಮುಚ್ಚಿದ ಭಾಗ ನಿಮ್ಮ ಕಡೆಗಿರಲಿ, ಸೈಡ್ ಹ್ಯಾಂಡಲ್ ಬಿಗಿದಿರಲಿ. ಆಮೇಲೆ ಪ್ಲಗ್ ಹಾಕಿ, ಡಿಸ್ಕಿನ ನೇರಕ್ಕೆ ಯಾರೂ ಇಲ್ಲದಂತೆ ಪಕ್ಕಕ್ಕೆ ನಿಂತು ಅರ್ಧ ನಿಮಿಷ ಸುಮ್ಮನೆ ಓಡಿಸಿ. ಕೆಟ್ಟ ಡಿಸ್ಕ್ ಬಹುಮಟ್ಟಿಗೆ ಈ ಅರ್ಧ ನಿಮಿಷದಲ್ಲೇ ತನ್ನನ್ನು ತೋರಿಸಿಕೊಳ್ಳುತ್ತದೆ. ನಡುಗಿದರೆ, ಸದ್ದು ಬದಲಾದರೆ ನಿಲ್ಲಿಸಿ.

ಗಾರ್ಡ್ ಕಿತ್ತು ಕೆಲಸ ಮಾಡುವುದನ್ನು ನಮ್ಮ ಕಡೆ ಎಲ್ಲೆಲ್ಲೂ ನೋಡುತ್ತೇನೆ. ಮೂಲೆಗೆ ಹೋಗುವುದಿಲ್ಲ, ಅಡ್ಡ ಬರುತ್ತದೆ ಎನ್ನುತ್ತಾರೆ. ಮೂಲೆಗೆ ಹೋಗದಿದ್ದರೆ ಹ್ಯಾಕ್ಸಾ ಇದೆ, ಅರ ಇದೆ. ಗಾರ್ಡ್ ಇಲ್ಲದ ಮಷೀನನ್ನು ಕೂಲಿಯವರ ಕೈಗೆ ಕೊಡುವ ಯಜಮಾನರಿಗೆ ಇದನ್ನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ: ಹಾಗೆ ಕೊಡಬೇಡಿ.

ಮೈಮೇಲೆ ಏನಿರಬೇಕು

ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ, ಅದರ ಮೇಲೆ ಫೇಸ್ ಶೀಲ್ಡ್. ಕಿವಿಗೆ ಪ್ಲಗ್, ಮೂಗಿಗೆ ಧೂಳಿನ ಮಾಸ್ಕ್. ಮಳೆಗಾಲದ ನಮ್ಮ ಉಡುಪು ಈ ಕೆಲಸಕ್ಕೆ ಆಗಿಬರುವುದಿಲ್ಲ. ಜರ್ಕಿನ್, ಪ್ಲಾಸ್ಟಿಕ್ ಕೋಟು ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಸ್ವೆಟರಿನ ಎಳೆ, ಮಫ್ಲರ್, ಪಂಚೆಯ ತುದಿ ಡಿಸ್ಕಿಗೆ ಸಿಕ್ಕರೆ ಮಷೀನನ್ನೇ ಮೈಗೆ ಎಳೆದುಕೊಳ್ಳುತ್ತವೆ. ದಪ್ಪ ಹತ್ತಿ ಅಂಗಿ, ಗುಂಡಿ ಹಾಕಿದ ತೋಳು, ಕೈಗೆ ಸರಿಯಾಗಿ ಕೂರುವ ಚರ್ಮದ ಗ್ಲೌಸ್ ಸಾಕು. ಗಂಬೂಟ್ ಹಾಕಿದ್ದರೆ ಪ್ಯಾಂಟನ್ನು ಅದರ ಹೊರಗೆ ಬಿಡಿ, ಒಳಗೆ ತುರುಕಬೇಡಿ. ಒಳಗೆ ತುರುಕಿದರೆ ಬೂಟಿನ ಬಾಯಿ ತೆರೆದಿರುತ್ತದೆ, ಕಿಡಿಗಳೆಲ್ಲ ನೇರ ಕಾಲಿಗೆ ಇಳಿಯುತ್ತವೆ.

ಕಣ್ಣಿಗೆ ಚೂರು ಹೋದರೆ ಉಜ್ಜಬೇಡಿ, ಕರವಸ್ತ್ರದ ತುದಿಯಲ್ಲಿ ತೆಗೆಯಲು ಯಾರಿಗೂ ಬಿಡಬೇಡಿ. ಬಿಸಿ ಕಬ್ಬಿಣದ ಚೂರು ಕರಿಗುಡ್ಡೆಗೆ ಅಂಟಿಕೊಂಡರೆ ಒಂದೆರಡು ದಿನದಲ್ಲೇ ಸುತ್ತ ತುಕ್ಕಿನ ಉಂಗುರ ಬಿಡುತ್ತದೆ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಕೊಯ್ಯುವುದು

ಗ್ರೈಂಡರ್ ಒದೆಯುವುದಕ್ಕೆ ಮುಖ್ಯ ಕಾರಣ, ಕೊಯ್ದ ಸೀಳು ಮುಚ್ಚಿಕೊಂಡು ಡಿಸ್ಕನ್ನು ಕಚ್ಚುವುದು. 20 ಅಡಿ ಪೈಪನ್ನು ಎರಡು ಸ್ಟೂಲಿನ ಮೇಲಿಟ್ಟು ನಡುವೆ ಕೊಯ್ಯುತ್ತೀರಿ ಎಂದುಕೊಳ್ಳಿ. ಮೇಲಿಂದ ಕೊಯ್ಯುತ್ತ ಹೋದಂತೆ ಪೈಪ್ ತನ್ನ ಭಾರಕ್ಕೆ ನಡುವೆ ಜಗ್ಗುತ್ತದೆ, ಸೀಳಿನ ಮೇಲ್ಬಾಯಿ ಮುಚ್ಚುತ್ತದೆ, ಡಿಸ್ಕ್ ಸಿಕ್ಕಿಬೀಳುತ್ತದೆ, ಮಷೀನ್ ಎಗರುತ್ತದೆ. ಅದಕ್ಕೆ ಎರಡೂ ಆಧಾರಗಳನ್ನು ಉಳಿಸಿಕೊಳ್ಳುವ ಭಾಗದ ಕೆಳಗೇ ಇಡಿ, ಕತ್ತರಿಸಿ ಬೀಳುವ ತುಂಡು ಹೊರಗೆ ತೂಗಲಿ. ಆಗ ಕೊಯ್ದಂತೆ ಸೀಳು ಬಾಯಿ ತೆರೆಯುತ್ತದೆ. ಬೀಳುವ ತುಂಡು ಉದ್ದ ಇದ್ದರೆ ಒಬ್ಬರು ಹಗುರಾಗಿ ಹಿಡಿದುಕೊಳ್ಳಲಿ, ಮೇಲಕ್ಕೆ ಎತ್ತಬಾರದು. ಪೈಪನ್ನು ವೈಸ್ ಅಥವಾ ಸಿ ಕ್ಲಾಂಪಿನಲ್ಲಿ ಬಿಗಿಯಿರಿ. ಕಾಲಲ್ಲಿ ಒತ್ತಿ ಹಿಡಿದು ಕೊಯ್ಯುವುದು ಬೇಡ.

4 ಇಂಚಿನ ಡಿಸ್ಕಿನ ಆಳ ಒಂದು ಇಂಚಿನ ಆಸುಪಾಸು. ಒಂದೂವರೆ ಇಂಚಿನ ಸ್ಕ್ವೇರ್ ಪೈಪ್ ಒಂದೇ ಏಟಿಗೆ ತುಂಡಾಗುವುದಿಲ್ಲ. ಮೂಲೆಮಟ್ಟ ಇಟ್ಟು ನಾಲ್ಕೂ ಮುಖಕ್ಕೆ ಗೆರೆ ಎಳೆಯಿರಿ. ಗೆರೆಗಳು ಸುತ್ತಿ ಬಂದು ಮೊದಲಿನ ಬಿಂದುವಿಗೇ ಸೇರಬೇಕು, ಸೇರದಿದ್ದರೆ ಅಳತೆ ತಪ್ಪಿದೆ. ಒಂದು ಮುಖ ಕೊಯ್ದು, ಪೈಪ್ ತಿರುಗಿಸಿ ಮುಂದಿನ ಮುಖ. ಹೀಗೆ ಮಾಡಿದರೆ ವೆಲ್ಡಿಂಗಿಗೆ ಸಂದಿಲ್ಲದೆ ಕೂರುತ್ತದೆ.

ಡಿಸ್ಕ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕಬ್ಬಿಣಕ್ಕೆ ತಾಗಿಸಿ. ತಾಗಿದೊಡನೆ ಮಷೀನ್ ಒಂದು ಕಡೆ ಓಡಲು ನೋಡುತ್ತದೆ. ನೀವು ಅದಕ್ಕೆ ಎದುರು ದಿಕ್ಕಿಗೆ ಸಾಗಬೇಕು. ಅದು ಓಡುವ ಕಡೆಗೇ ಬಿಟ್ಟರೆ ಸೀಳಿನಿಂದ ಎದ್ದು ಹೊರಗೆ ಹಾರುತ್ತದೆ. ಸೀಳಿನಲ್ಲಿ ಡಿಸ್ಕನ್ನು ಓರೆ ಮಾಡಬೇಡಿ, ಗೆರೆ ತಪ್ಪಿತೆಂದು ತಿರುಚಬೇಡಿ, ಹೊಸದಾಗಿ ಕೊಯ್ಯಿರಿ. ಒತ್ತುವ ಅಗತ್ಯವಿಲ್ಲ. ಕಿಡಿ ಉದ್ದಕ್ಕೆ ಸಮನಾಗಿ ಹೋಗುತ್ತಿದ್ದರೆ ಕೆಲಸ ಸರಿಯಾಗಿದೆ. ಕಿಡಿ ಕಡಿಮೆಯಾಗಿ ಕಬ್ಬಿಣ ಕೆಂಪಗಾಗುತ್ತಿದ್ದರೆ ಒತ್ತಡ ಜಾಸ್ತಿ, ಇಲ್ಲವೇ ಡಿಸ್ಕ್ ಮೊಂಡಾಗಿದೆ. ನಿಮ್ಮ ಮುಖ, ಎದೆ ಡಿಸ್ಕಿನ ನೇರಕ್ಕೆ ಎಂದೂ ಇರದಿರಲಿ.

ಕಿಡಿ ಹಲವು ಅಡಿ ದೂರ ಹೋಗಿಯೂ ಬೆಂಕಿ ಹಚ್ಚಬಲ್ಲದು. ಕಣದಲ್ಲಿ ಕಾಫಿ ಒಣಗುತ್ತಿರುವಾಗ, ಗೋಣಿಚೀಲದ ರಾಶಿ, ಕಾಫಿ ಹೊಟ್ಟು, ಡೀಸೆಲ್ ಕ್ಯಾನ್ ಪಕ್ಕದಲ್ಲಿರುವಾಗ ಜಾಗ ಬದಲಿಸಿ. ಮಾರ್ಚ್‌ನಲ್ಲಿ ತೋಟದೊಳಗೆ ತರಗೆಲೆಯ ಮೇಲೆ ಕೊಯ್ಯಬೇಕಾಗಿ ಬಂದರೆ ನೆಲ ಗುಡಿಸಿ, ನೀರು ಚಿಮುಕಿಸಿ, ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಜೀಪಿನ ಗಾಜು, ಕಿಟಕಿ ಗಾಜಿನ ಕಡೆ ಕಿಡಿ ಬಿಟ್ಟರೆ ಚುಕ್ಕೆ ಬಿದ್ದು ಮತ್ತೆ ಹೋಗುವುದಿಲ್ಲ.

ಸತು ಲೇಪಿಸಿದ ಜಿಐ ಪೈಪ್ ಕೊಯ್ಯುವಾಗ ಸತುವಿನ ಹೊಗೆ, ಧೂಳು ಏಳುತ್ತದೆ. ಗಾಳಿ ಆಡುವ ಕಡೆ ಮಾಡಿ, ಕೊಯ್ದ ಬಾಯಿಗೆ ಅಂದೇ ಜಿಂಕ್ ಪ್ರೈಮರ್ ಹಚ್ಚಿ.

ಉಜ್ಜುವುದು, ತುಕ್ಕು ತೆಗೆಯುವುದು

6 ಮಿ.ಮೀ. ಡಿಸ್ಕನ್ನು 15ರಿಂದ 30 ಡಿಗ್ರಿ ಓರೆಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುತ್ತಿರಿ. ಫ್ಲ್ಯಾಪ್ ಡಿಸ್ಕನ್ನು ಇನ್ನೂ ಮಲಗಿಸಿ ಹಿಡಿಯಬಹುದು. 1 ಮಿ.ಮೀ. ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜುವುದು ಮಾತ್ರ ಯಾವ ಅವಸರಕ್ಕೂ ಕೂಡದು. ಅಡ್ಡ ಒತ್ತಡ ತಡೆಯಲು ಅದನ್ನು ಮಾಡಿಲ್ಲ. ಕಪ್ ಬ್ರಶ್ಶಿನ ತಂತಿಗಳು ಸೂಜಿಯಂತೆ ಕಿತ್ತು ಹಾರುತ್ತವೆ, ಫೇಸ್ ಶೀಲ್ಡ್ ಇಲ್ಲದೆ ಮುಟ್ಟಬೇಡಿ.

ಗೇಟು, ಗ್ರಿಲ್ಲುಗಳ ತುಕ್ಕು ತೆಗೆಯುವ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸುವುದು ಜಾಣತನ. ಮಳೆಗಾಲದಲ್ಲಿ ಬೆಳಗ್ಗೆ ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ ಮಾರನೇ ದಿನಕ್ಕೆ ಕಂದು ತಿರುಗಿರುತ್ತದೆ. ಯಾವ ಕಾಲದಲ್ಲಾದರೂ ಅಂದು ರೆಡ್ ಆಕ್ಸೈಡ್ ಹಚ್ಚಿ ಮುಗಿಸುವಷ್ಟು ಜಾಗ ಮಾತ್ರ ಉಜ್ಜಿ.

ಕತ್ತಿ ಮಸೆಯಬಹುದೇ?

ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಕಾಲದಲ್ಲಿ ಕತ್ತಿಗೆ ಗ್ರೈಂಡರ್ ಹಿಡಿಯುವವರು ಬಹಳ. ಬಾಯಿ ಮುಕ್ಕಾದ ಕತ್ತಿಗೆ ಆಕಾರ ಕೊಡುವ ತನಕ ಮಾತ್ರ ಅದನ್ನು ಒಪ್ಪಬಹುದು. ಅಲಗಿನ ಅಂಚು ತೆಳುವಾಗಿರುವುದರಿಂದ ಕ್ಷಣದಲ್ಲಿ ಕಾಯುತ್ತದೆ. ಉಜ್ಜುವಾಗ ಅಂಚಿನ ಬಣ್ಣ ನೋಡುತ್ತಿರಿ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಬಂದರೆ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಿದೆ, ಅಲ್ಲಿಯ ಹದ ಹೋಗಿದೆ. ಆ ಜಾಗ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. 80 ಅಥವಾ 120 ನಂಬರಿನ ಫ್ಲ್ಯಾಪ್ ಡಿಸ್ಕ್ ಹಗುರಾಗಿ ಒಂದೆರಡು ಸಲ ಎಳೆದು, ಬಕೆಟ್ ನೀರಿಗೆ ಅದ್ದಿ, ಬರಿಗೈಗೆ ಬೆಚ್ಚಗೂ ಇರದಂತೆ ನೋಡಿಕೊಂಡು ಮುಂದುವರಿಯಿರಿ. ಡಿಸ್ಕ್ ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಓಡಬೇಕು. ಬಾಯಿಗೆ ಎದುರಾಗಿ ಓಡಿದರೆ ಕತ್ತಿ ಸಿಕ್ಕಿಕೊಂಡು ಎಗರುತ್ತದೆ. ಕೊನೆಯ ಹರಿತ ಮಸೆಗಲ್ಲಿನಲ್ಲೇ ಆಗಲಿ.

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಮುಂಚೆ ಮನೆಯ ಆಯುಧಗಳಿಗೆ ಹೊಳಪು ಕೊಡುವಾಗ ಹಿರಿಯರ ಕಾಲದ ಒಡಿಕತ್ತಿ, ಪೀಚೆಕತ್ತಿಗೆ ಗ್ರೈಂಡರನ್ನು ಹತ್ತಿರವೂ ತರಬೇಡಿ. ಎಣ್ಣೆ, ಬಟ್ಟೆ, ನಯವಾದ ಎಮೆರಿ ಕಾಗದ ಸಾಕು. ಡಿಸ್ಕ್ ತಿಂದುಹಾಕಿದ ಉಕ್ಕನ್ನು, ಕೆತ್ತನೆಯನ್ನು ಯಾರೂ ವಾಪಸ್ ಕೊಡಲಾರರು.

ಮಾಡಲೇಬಾರದ ಕೆಲಸ

ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕಿ ಕೊಂಬೆ ಸವರುವುದು, ಹಲಗೆ ಸೀಳುವುದು ತೋಟಗಳಲ್ಲಿ ಹಬ್ಬಿರುವ ಅತ್ಯಂತ ಅಪಾಯದ ಚಾಳಿ. ಹಲ್ಲು ಮರಕ್ಕೆ ಕಚ್ಚಿದರೆ ಮಷೀನನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾರ ಮಣಿಕಟ್ಟಿನಲ್ಲೂ ಇಲ್ಲ. ಏಟು ಬೀಳುವುದು ಕೈಗೆ, ಕುತ್ತಿಗೆಗೆ, ತೊಡೆಗೆ. ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಕಾರಣವಲ್ಲ.

ಡೀಸೆಲ್, ಪೆಟ್ರೋಲ್, ಥಿನ್ನರ್, ಔಷಧಿ ಇದ್ದ ಬ್ಯಾರೆಲ್ಲನ್ನು ಸ್ನಾನದ ಮನೆಯ ಒಲೆಗೋ ತೊಟ್ಟಿಗೋ ಎಂದು ಕೊಯ್ಯಬೇಡಿ. ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ, ಒಂದು ಕಿಡಿಗೆ ಸಿಡಿಯುತ್ತದೆ.

ಬಣ್ಣದ ರೂಫಿಂಗ್ ಶೀಟನ್ನು ಗ್ರೈಂಡರಿನಲ್ಲಿ ಕೊಯ್ದರೆ ಬಿಸಿಗೆ ಅಂಚಿನ ಲೇಪ ಸುಡುತ್ತದೆ, ಹಾರಿದ ಬಿಸಿ ಪುಡಿ ಶೀಟಿನ ಮೇಲೆಲ್ಲ ಅಂಟಿ ತುಕ್ಕು ಶುರುವಾಗುತ್ತದೆ. ನಮ್ಮ ಮಳೆಗೆ ಅಂಥ ಶೀಟ್ ಬಾಳುವುದಿಲ್ಲ. ತಗಡು ಕತ್ತರಿ ಅಥವಾ ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ನಿಬ್ಲರ್ ಬಳಸಲು ಕೆಲಸದವರಿಗೆ ಮೊದಲೇ ಹೇಳಿ. ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪಿಗೆ ಅದಕ್ಕೆಂದೇ ಇರುವ ಡಿಸ್ಕ್ ಬೇಕು. ಮಾಮೂಲಿ ಡಿಸ್ಕಿನ ಸಂದುಗಳಲ್ಲಿ ಅಲ್ಯೂಮಿನಿಯಂ ತುಂಬಿಕೊಂಡು ಅದು ಕೊಯ್ಯುವ ಬದಲು ಬಿಸಿಯಾಗುತ್ತದೆ.

ಇಟ್ಟುಕೊಳ್ಳುವುದು

ಡಿಸ್ಕುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಚಪ್ಪಟೆಯಾಗಿ, ಒಂದರ ಮೇಲೊಂದು ಇಡಿ. ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಒಳಗಿರಲಿ. ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು ಬೇಡ, ಹೆಚ್ಚಿನ ಶಾಖವೂ ರೆಸಿನ್ನಿಗೆ ಆಗದು. ಡಬ್ಬಿಯ ಮೇಲೆ ಕೊಂಡ ತಿಂಗಳು ಬರೆದಿಡಿ. ಡಿಸ್ಕನ್ನು ಮಷೀನಿನಲ್ಲೇ ಬಿಟ್ಟು ಮೂಲೆಗೆ ಎಸೆಯಬೇಡಿ.

ಮಷೀನಿನ ಗಾಳಿಕಿಂಡಿಯ ಪುಡಿಯನ್ನು ಆಗಾಗ ಬ್ಲೋವರಿನಿಂದ ಊದಿ ತೆಗೆಯಿರಿ, ಆಗಲೂ ಕನ್ನಡಕ ಹಾಕಿರಿ. ಮಳೆಗಾಲ ಮುಗಿದು ಮೊದಲ ಸಲ ಹೊರತೆಗೆದಾಗ ವೈರ್ ಇಲಿ ಕಚ್ಚಿದೆಯೇ, ಪ್ಲಗ್ಗಿನ ಬುಡ ಬಿರಿದಿದೆಯೇ ನೋಡಿ. ಗಾಳಿಕಿಂಡಿಯಲ್ಲಿ ಕಾಣುವ ಕಿಡಿ ದೊಡ್ಡದಾಗಿದ್ದರೆ, ಮಷೀನ್ ನಿಂತು ನಿಂತು ಓಡುತ್ತಿದ್ದರೆ ಕಾರ್ಬನ್ ಬ್ರಶ್ ಸವೆದಿದೆ. ಜೋಡಿಯಾಗಿ ಬದಲಿಸಿ, ಒಂದನ್ನೇ ಅಲ್ಲ. ತಡ ಮಾಡಿದರೆ ಸವೆದ ಬ್ರಶ್ಶಿನ ಸ್ಪ್ರಿಂಗ್ ಆರ್ಮೇಚರಿನ ತಾಮ್ರವನ್ನು ಕೆರೆದು ಹಾಕುತ್ತದೆ, ಆಮೇಲಿನ ರಿಪೇರಿ ಖರ್ಚು ಹೊಸ ಮಷೀನಿನ ಬೆಲೆಯ ಹತ್ತಿರ ಹೋಗುತ್ತದೆ.